ಚಿಕಾನೊ ಕಥೆಗಳಲ್ಲಿ ಹಿಂಸೆ: ಗುಂಡಿನ ಸದ್ದು ಯಾಕೆ ಇಷ್ಟು ಕಡಿಮೆ?

ಮಳೆಗಾಲದ_ಓದು:

ಕಳೆದ ವಾರ ಎಲೆನಾ ಮರಿಯಾ ವಿರಾಮೊಂತೆಸ್ ಅವರ 'ಅಂಡರ್ ದಿ ಫೀಟ್ ಆಫ್ ಜೀಸಸ್' ಓದಿ ಮುಗಿಸಿದೆ. 1995ರಲ್ಲಿ ಬಂದ ಸಣ್ಣ ಕಾದಂಬರಿ. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಹಣ್ಣು ಕೀಳುತ್ತಾ ಊರಿಂದ ಊರಿಗೆ ಹೋಗುವ ಒಂದು ಸಂಸಾರದ ಕಥೆ. 13 ವರ್ಷದ ಎಸ್ತ್ರೆಯಾ, ಅವಳ ತಾಯಿ ಪೆತ್ರಾ, ತಾಯಿಯ ಜೊತೆ ಬಾಳುತ್ತಿರುವ ಎಪ್ಪತ್ತು ದಾಟಿದ ಪರ್ಫೆಕ್ತೊ, ಚಿಕ್ಕ ಮಕ್ಕಳು. ಟೆಕ್ಸಾಸ್‌ನಿಂದ ಕೂಲಿಗೆ ಬಂದ ಅಲೆಹೊ ಅನ್ನೋ ಹುಡುಗ ಇವರ ಜೊತೆ ಸೇರಿಕೊಳ್ಳುತ್ತಾನೆ. ಅವನು ಪೀಚ್ ಹಣ್ಣು ಕದಿಯೋಕೆ ಮರ ಹತ್ತಿದಾಗ ಔಷಧಿ ಹೊಡೆಯುವ ಸಣ್ಣ ವಿಮಾನ ಬಂದು ಅವನ ಮೈಮೇಲೆಲ್ಲ ಸುರಿದು ಹೋಗುತ್ತೆ. ಅಲ್ಲಿಂದ ಅವನ ಕಾಯಿಲೆ ಶುರು.

ಕಾದಂಬರಿ ಬಿಸಿಯೇರೋದು ಒಂದು ಕ್ಲಿನಿಕ್‌ನಲ್ಲಿ. ಡಾಕ್ಟರ್ ಇಲ್ಲ, ಒಬ್ಬ ನರ್ಸ್ ಇದ್ದಾಳೆ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಅನ್ನುತ್ತಾಳೆ. ಫೀಸು ಕಮ್ಮಿ ಮಾಡಿ 10 ಡಾಲರ್ ಕೇಳುತ್ತಾಳೆ. ಇವರ ಹತ್ತಿರ ಇರೋದೇ 9 ಡಾಲರ್ 7 ಸೆಂಟ್. ಅದಷ್ಟನ್ನೂ ತೆಗೆದುಕೊಳ್ಳುತ್ತಾಳೆ. ಈಗ ಆಸ್ಪತ್ರೆಗೆ ಹೋಗೋಣ ಅಂದರೆ ಪೆಟ್ರೋಲಿಗೆ ದುಡ್ಡಿಲ್ಲ. ಎಸ್ತ್ರೆಯಾ ಹೊರಗೆ ಹೋಗಿ ಗಾಡಿಯಿಂದ ಕಬ್ಬಿಣದ ಸಲಾಕೆ ತಂದು ನರ್ಸಿನ ಮೇಜಿಗೆ ಬಡಿಯುತ್ತಾಳೆ. ಅದೇ 9 ಡಾಲರ್ 7 ಸೆಂಟ್ ವಾಪಸ್ ತೆಗೆದುಕೊಳ್ಳುತ್ತಾಳೆ. ಒಂದು ಸೆಂಟ್ ಜಾಸ್ತಿ ಇಲ್ಲ.

ನನಗೆ ತಲೆ ಕೊರೆಯುತ್ತಿರುವುದು ಇದು. ಮೆಕ್ಸಿಕನ್ ಮೂಲದ ವಲಸೆ ಕೂಲಿಗಳ ಮೇಲಿನ ಹಿಂಸೆ ಅಂದಾಗ ಗಡಿ, ಪೊಲೀಸು, ಬಂದೂಕು ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಏನೂ ಇಲ್ಲ. ಆ ಕ್ಲಿನಿಕ್‌ನಲ್ಲಿ ಕಣ್ಣಿಗೆ ಕಾಣುವಂತೆ ಕೈ ಎತ್ತುವವಳು ಆ ಹುಡುಗಿಯೇ, ಅದೂ ಒಂದು ಮೇಜಿನ ಮೇಲೆ. ನರ್ಸ್ ಕೆಟ್ಟವಳೂ ಅಲ್ಲ. ಮನೆಗೆ ಹೋಗೋ ಆತುರದಲ್ಲಿದ್ದಾಳೆ, ಅಷ್ಟೇ. ಬೇರೆ ಚಿಕಾನೊ ಲೇಖಕರೂ ಹೀಗೇ ಬರೆಯುತ್ತಾರಾ? ಓದಿದವರು ಹೇಳಿ.

ಹಳೇ_ಪುಸ್ತಕದಂಗಡಿ:

ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ವಿರಾಮೊಂತೆಸ್ ಹಿಂದೆ ತೊಮಾಸ್ ರಿವೇರಾ ಇದ್ದಾರೆ. 1935ರಲ್ಲಿ ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿದವರು. ಕೂಲಿ ಮಾಡುವ ಮನೆ. ತಾವೂ ಹೊಲದಲ್ಲಿ ದುಡಿದು, ಓದಿ, ಮೇಷ್ಟ್ರಾಗಿ, ಕೊನೆಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಕ್ಯಾಂಪಸ್ಸಿಗೆ ಚಾನ್ಸಲರ್ ಆದರು. 1984ರಲ್ಲಿ, 48ನೇ ವಯಸ್ಸಿಗೇ ತೀರಿಕೊಂಡರು. 1971ರಲ್ಲಿ ಅವರ ಒಂದು ಪುಸ್ತಕ ಬಂತು. ಸ್ಪ್ಯಾನಿಷ್‌ನಲ್ಲಿ ಬರೆದದ್ದು. 'ಮತ್ತೆ ಭೂಮಿ ಅವನನ್ನು ನುಂಗಲಿಲ್ಲ' ಅಂತ ಹೆಸರಿನ ಅರ್ಥ. ಚಿಕ್ಕ ಚಿಕ್ಕ ಕಥೆಗಳು, ನಡುನಡುವೆ ಇನ್ನೂ ಚಿಕ್ಕ ತುಣುಕುಗಳು, ಎಲ್ಲ ಸೇರಿ ಒಬ್ಬ ಹುಡುಗನ ಒಂದು ವರ್ಷ.

ಅದರಲ್ಲಿ ಮಕ್ಕಳ ಬಾಯಾರಿಕೆಯ ಕಥೆ ಒಂದಿದೆ. ಆ ವರ್ಷ ಬಿಸಿಲು ಬೇಗ ಬಂದಿದೆ. ಧಣಿ ದಿನಕ್ಕೆ ಒಂದೆರಡು ಸಲ ಒಂದು ಬಕೆಟ್ ನೀರು ತರುತ್ತಾನೆ. ಸಾಲದು. ಕೂಲಿಗಳು ದನದ ತೊಟ್ಟಿಯ ನೀರಿಗೆ ಹೋಗುತ್ತಾರೆ. ಗಂಟೆ ಲೆಕ್ಕದ ಕೂಲಿ, ಹಾಗಾಗಿ ಧಣಿಗೆ ಹೊಟ್ಟೆ ಉರಿ. ಒಂದು ಹುಡುಗ ನೀರು ಕುಡಿಯುತ್ತಿರುವಾಗ ಹೆದರಿಸೋಣ ಅಂತ ಗುಂಡು ಹಾರಿಸುತ್ತಾನೆ. ನೋಡಿದರೆ ಹುಡುಗನ ತಲೆಗೆ ತೂತು.

ಅಷ್ಟೇ. ಮುಂದಿನ ಸಾಲಿನಲ್ಲಿ ಯಾರೋ ಇಬ್ಬರು ಹರಟೆ ಹೊಡೆಯುತ್ತಿದ್ದಾರೆ. ಧಣಿಗೆ ಹುಚ್ಚು ಹಿಡೀತಂತೆ, ಕುಡಿತಕ್ಕೆ ಬಿದ್ದನಂತೆ, ಕೋರ್ಟಿನಲ್ಲಿ ಬಿಡುಗಡೆ ಆಯಿತಂತೆ. ಭಿಕ್ಷುಕನ ಥರ ಕಾಣುತ್ತಾನೆ, ಹುಚ್ಚೇ ಇರಬೇಕು ಅನ್ನುತ್ತಾನೆ ಒಬ್ಬ. ಅವನ ಹತ್ತಿರ ಈಗ ದುಡ್ಡಿಲ್ಲ, ಅದಕ್ಕೆ ಹಾಗೆ ಕಾಣುತ್ತಾನೆ ಅನ್ನುತ್ತಾನೆ ಇನ್ನೊಬ್ಬ. ಹೌದಲ್ಲ, ಅನ್ನುತ್ತಾನೆ ಮೊದಲನೆಯವನು. ಕಥೆ ಮುಗಿಯಿತು.

ಸತ್ತ ಹುಡುಗನ ಹೆಸರು ಗೊತ್ತಾಗಲ್ಲ. ಅಪ್ಪ ಅಮ್ಮ ಅತ್ತಿದ್ದು ಕಾಣಲ್ಲ. ಊರ ಬಾಯಲ್ಲಿ ಉಳಿದದ್ದು ಕೊಂದವನ ಸುದ್ದಿ ಮಾತ್ರ. ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ ಅನಿಸುತ್ತೆ. ಗುಂಡು ಇದೆ. ಆದರೆ ಲೇಖಕನಿಗೆ ಅದರ ಸದ್ದಿಗಿಂತ ನೀರಿನ ಲೆಕ್ಕ ಮುಖ್ಯ. ಎಷ್ಟು ಬಕೆಟ್, ಎಷ್ಟು ಹೊತ್ತಿಗೆ, ಯಾರ ಸಮಯ ಹಾಳು. ನಿಮ್ಮ 9 ಡಾಲರ್ 7 ಸೆಂಟ್ ಕೂಡ ಅಂಥದ್ದೇ ಲೆಕ್ಕ ಅಲ್ವಾ?

ಬೈಟು_ಕಾಫಿ:

ಒಂದು ಬೇಸಿಕ್ ಡೌಟು. ಚಿಕಾನೊ ಅಂದರೆ ಮೆಕ್ಸಿಕೋದಿಂದ ಬಂದವರಾ, ಅಮೆರಿಕದಲ್ಲೇ ಹುಟ್ಟಿದವರಾ? ಅಲ್ಲೇ ಹುಟ್ಟಿದವರಾದರೆ ವಲಸಿಗರು ಅಂತ ಯಾಕೆ ಕರೆಯೋದು?

ಹಳೇ_ಪುಸ್ತಕದಂಗಡಿ:

ಬೈಟು ಅವರೇ, ಸಾಮಾನ್ಯವಾಗಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದವರು. ಒಂದು ಕಾಲಕ್ಕೆ ಬೈಗುಳವಾಗಿದ್ದ ಹೆಸರನ್ನು 1960ರ ದಶಕದ ಹೋರಾಟಗಾರರು ಬೇಕಂತಲೇ ಎತ್ತಿಕೊಂಡರು. ಹೆಂಗಸರು ಚಿಕಾನಾ.

ಇನ್ನು ವಲಸೆ. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ನೆಲದ ಅರ್ಧದಷ್ಟನ್ನು ಅಮೆರಿಕಕ್ಕೆ ಕಳೆದುಕೊಂಡಿತು. ಅಲ್ಲಿದ್ದ ಜನ ಮನೆಯಿಂದ ಒಂದು ಹೆಜ್ಜೆ ಇಡದೆ ಬೇರೆ ದೇಶದವರಾದರು. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು ಅಂತ ಅವರ ಮಾತೇ ಇದೆ. ರಿವೇರಾ ಕಥೆಯ ಜನ ವರ್ಷಾ ವರ್ಷಾ ಟೆಕ್ಸಾಸ್‌ನಿಂದ ಅಯೋವಾ, ಮಿನೆಸೋಟಾ ಕಡೆಗೆ ಬೀಟ್ರೂಟ್ ಸಾಲಿನ ಕೆಲಸಕ್ಕೆ ಹೋಗುವವರು. ಸಕ್ಕರೆ ತೆಗೆಯುವ ಬೀಟ್ರೂಟು. ಅವರ ವಲಸೆ ತಮ್ಮದೇ ದೇಶದೊಳಗೆ. ಲಾರಿ ಕೆಟ್ಟು ನಿಂತ ಒಂದು ಕಥೆ ಇದೆ. ಬೆಳಗಿನ ಜಾವ, ಹಿಂದೆ ನಿಂತುಕೊಂಡೇ ಬಂದ ಜನ. ಒಬ್ಬೊಬ್ಬರ ತಲೆಯಲ್ಲಿ ಓಡುವ ಯೋಚನೆ ಮಾತ್ರ ಕಥೆ. ಒಬ್ಬನಿಗೆ ತಲುಪಿದ ಮೇಲೆ ಒಳ್ಳೆ ಹಾಸಿಗೆ ಬೇಕು. ಇನ್ನೊಬ್ಬನಿಗೆ ತಲುಪೋದೂ ಹೊರಡೋದೂ ಒಂದೇ ಆಗಿಬಿಟ್ಟಿದೆ.

ಮಳೆಗಾಲದ_ಓದು:

ಇದಕ್ಕೆ ಸೇರಿಸಬೇಕಾದ್ದು ಒಂದಿದೆ. ಎಸ್ತ್ರೆಯಾ ಕೂಡ ಅಮೆರಿಕದ ಪ್ರಜೆಯೇ. ಆದರೂ ಒಂದು ಸಂಜೆ ಮೈದಾನದ ಬೇಸ್‌ಬಾಲ್ ದೀಪಗಳು ಹತ್ತಿಕೊಂಡಾಗ ಗಡಿ ಪೊಲೀಸರು ಬಂದರು ಅಂತ ಎದ್ದು ಬಿದ್ದು ಓಡುತ್ತಾಳೆ. ಅಮ್ಮ ಸಮಾಧಾನ ಮಾಡುತ್ತಾಳೆ. ನಿನ್ನ ಜನನ ಪ್ರಮಾಣ ಪತ್ರ ಯೇಸುವಿನ ಪಾದದ ಕೆಳಗೆ ಇದೆ, ಹಿಡಿದರೆ ಹಾಗೆ ಹೇಳು ಅನ್ನುತ್ತಾಳೆ. ಮನೆಯಲ್ಲಿರುವ ಸಣ್ಣ ಮೂರ್ತಿಯ ಅಡಿಯಲ್ಲಿ ಕಾಗದ ಮಡಚಿಟ್ಟಿದ್ದಾರೆ. ಪುಸ್ತಕದ ಹೆಸರು ಬಂದದ್ದು ಅಲ್ಲಿಂದ. ನಾನು ಮೊದಲು ಯಾವುದೋ ಭಕ್ತಿ ಪುಸ್ತಕ ಅಂದುಕೊಂಡು ಕೈಗೇ ತೆಗೆದುಕೊಂಡಿರಲಿಲ್ಲ!

ಫ್ರೆಸ್ನೋ_ಕನ್ನಡಿಗ:

ನಾನು ಇರೋದು ಎಸ್ತ್ರೆಯಾ ಕಥೆಯಲ್ಲಿರುವಂಥ ತೋಟಗಳ ನಡುವೆ, ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲೇ. ದ್ರಾಕ್ಷಿ, ಬಾದಾಮಿ, ಪೀಚ್, ಟೊಮೆಟೊ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಹೈವೇ 99ರಲ್ಲಿ ಹೋಗುವಾಗ ಎರಡೂ ಕಡೆ ಬಗ್ಗಿದ ಬೆನ್ನುಗಳು ಕಾಣುತ್ತವೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಹಾಗಾಗಿ ಮುಖ ಕಾಣಲ್ಲ.

ರಿವೇರಾ ಕಥೆಯ ನೀರಿನ ಬಗ್ಗೆ ಒಂದು ಮಾತು. ಹೊರಗೆ ಬಿಸಿಲಲ್ಲಿ ದುಡಿಯುವವರಿಗೆ ನೀರು, ನೆರಳು ಕೊಡಲೇಬೇಕು ಅಂತ ಕ್ಯಾಲಿಫೋರ್ನಿಯಾ ನಿಯಮ ತಂದಿದ್ದು 2005ರಲ್ಲಿ. ಒಬ್ಬರಿಗೆ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಲೆಕ್ಕ. ಅಮೆರಿಕದಲ್ಲಿ ಇಂಥ ನಿಯಮ ತಂದ ಮೊದಲ ರಾಜ್ಯವೇ ಇದು. ಅಂದರೆ ಕಥೆ ಅಚ್ಚಾಗಿ 34 ವರ್ಷ ಆದ ಮೇಲೆ, ಅದೂ ಒಂದೇ ರಾಜ್ಯದಲ್ಲಿ. ಗಿಡ್ಡ ಹಿಡಿಯ ಗುದ್ದಲಿ ಇನ್ನೊಂದು ಕಥೆ. ಎಲ್ ಕೊರ್ತಿತೊ ಅನ್ನುತ್ತಿದ್ದರು. ಅದರಲ್ಲಿ ಕಳೆ ತೆಗೆಯೋಕೆ ದಿನವಿಡೀ ನಡು ಬಗ್ಗಿಸಿರಬೇಕು. ಯಾರಾದರೂ ನೆಟ್ಟಗೆ ನಿಂತರೆ ಕೆಲಸ ಮಾಡ್ತಿಲ್ಲ ಅಂತ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತೆ. ಬೆನ್ನು ಮುರಿದವರ ಲೆಕ್ಕ ಇಟ್ಟವರಾರು. 1975ರಲ್ಲಿ ಅದನ್ನು ಇಲ್ಲಿ ನಿಷೇಧ ಮಾಡಿದರು.

1935 ಮತ್ತು 1938ರಲ್ಲಿ ಅಮೆರಿಕ ಎರಡು ದೊಡ್ಡ ಕಾರ್ಮಿಕ ಕಾನೂನು ಮಾಡಿತು. ಸಂಘ ಕಟ್ಟೋ ಹಕ್ಕು ಒಂದರಲ್ಲಿ, ಕನಿಷ್ಠ ಕೂಲಿ ಇನ್ನೊಂದರಲ್ಲಿ. ಎರಡರಿಂದಲೂ ಹೊಲದ ಕೂಲಿಗಳನ್ನು ಹೊರಗಿಟ್ಟರು. ಇದನ್ನು ತಿಳಿದುಕೊಂಡು ಆ ಕ್ಲಿನಿಕ್ ದೃಶ್ಯ ಮತ್ತೆ ಓದಿ. ಎಸ್ತ್ರೆಯಾ ಯೋಚಿಸುವುದೇ ಹಾಗೆ. ನಮ್ಮ ಎಲುಬಿನಿಂದಾದ ಎಣ್ಣೆಯ ಮೇಲೆ ಇವರ ಕಾರು ಓಡುತ್ತೆ, ಹಾಗಿದ್ದ ಮೇಲೆ ಬಾಕಿ ಇರೋದು ಯಾರಿಗೆ ಯಾರು?

ಶರಾವತಿ_ತೀರ:

ಎಲ್ಲರೂ ಒಂದೇ ಕಡೆ ತಲೆ ಆಡಿಸುತ್ತಿದ್ದೀರಿ, ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ.

ಸದ್ದಿಲ್ಲದ ಹಿಂಸೆ, ಲೆಕ್ಕದ ಹಿಂಸೆ ಅಂತ ಹೊಗಳೋದು ನಮಗೆ ಸುಲಭ. ದೂರದಲ್ಲಿ ಕೂತು ಓದುವವರಿಗೆ ಅದು ರುಚಿ. ಆದರೆ ನಿಜವಾದ ರಕ್ತ ಹರಿದಿದೆ ಅಲ್ವಾ? 1918ರ ಜನವರಿಯಲ್ಲಿ ಟೆಕ್ಸಾಸ್‌ನ ಪೊರ್ವೆನಿರ್ ಅನ್ನೋ ಹಳ್ಳಿಯಲ್ಲಿ ಟೆಕ್ಸಾಸ್ ರೇಂಜರ್‌ಗಳು, ಅಂದರೆ ಆ ರಾಜ್ಯದ ಪೊಲೀಸ್ ಪಡೆಯವರು, 15 ಮಂದಿ ಗಂಡಸರು, ಹುಡುಗರನ್ನು ನಿಲ್ಲಿಸಿ ಕೊಂದರು. 1943ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೌಕಾಪಡೆಯ ಹುಡುಗರು ಬೀದಿಗಿಳಿದು ಮೆಕ್ಸಿಕನ್ ಹುಡುಗರನ್ನು ಬಡಿದು, ಅವರು ತೊಟ್ಟ ಸೂಟುಗಳನ್ನು ಹರಿದು ಹಾಕಿದರು. 1930ರ ದಶಕದಲ್ಲಿ ಲಕ್ಷಾಂತರ ಜನರನ್ನು ರೈಲು, ಬಸ್ಸು ಹತ್ತಿಸಿ ಮೆಕ್ಸಿಕೋಗೆ ಕಳಿಸಿದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದಲ್ಲೇ ಹುಟ್ಟಿದವರು ಅಂತ ಅಂದಾಜು. ತೀರಾ ಹತ್ತಿರದ್ದು ಬೇಕಾದರೆ 2019ರ ಆಗಸ್ಟ್ 3, ಎಲ್ ಪಾಸೊ ಊರಿನ ಒಂದು ಅಂಗಡಿ. 23 ಸಾವು. ಕೊಂದವನು ಟೆಕ್ಸಾಸ್ ಮೇಲೆ ಹಿಸ್ಪಾನಿಕ್ ಜನರ ದಾಳಿ ಆಗ್ತಿದೆ ಅಂತ ಬರೆದಿಟ್ಟು ಬಂದಿದ್ದ.

ಇಷ್ಟೆಲ್ಲ ಆದ ಮೇಲೂ ಕಥೆಗಾರ ದನಿ ತಗ್ಗಿಸಿಯೇ ಮಾತಾಡಬೇಕಾ? ಚಿಕಾನಾ ಲೇಖಕಿ ಆಲಿಸಿಯಾ ಗಾಸ್ಪರ್ ದೆ ಆಲ್ಬಾ ಹಾಗೆ ಮಾಡಲಿಲ್ಲ. ಗಡಿಯ ಆಚೆ ಹುವಾರೆಸ್ ನಗರದಲ್ಲಿ 1993ರಿಂದ ಹೆಂಗಸರ ಕೊಲೆಗಳು ಸಾಲಾಗಿ ನಡೆದವು. ಸತ್ತವರಲ್ಲಿ ಬಹಳ ಮಂದಿ ಬಡವರು, ಎಷ್ಟೋ ಜನ ರಫ್ತು ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದವರು. ಅದರ ಬಗ್ಗೆ ಗಾಸ್ಪರ್ ದೆ ಆಲ್ಬಾ 2005ರಲ್ಲಿ 'ಡೆಸರ್ಟ್ ಬ್ಲಡ್' ಬರೆದರು, ಪತ್ತೇದಾರಿ ಕಾದಂಬರಿಯ ರೂಪದಲ್ಲಿ. ಲಾಸ್ ಏಂಜಲೀಸ್‌ನಿಂದ ಬಂದ ಚಿಕಾನಾ ಮೇಡಂ ಒಬ್ಬಳು ಮಗುವನ್ನು ದತ್ತು ತೆಗೆದುಕೊಳ್ಳೋಕೆ ಬರುತ್ತಾಳೆ, ಮಗುವಿನ ತಾಯಿ ಕೊಲೆಯಾಗಿದ್ದಾಳೆ, ಆಮೇಲೆ ಇವಳ ತಂಗಿಯೇ ಕಾಣೆ. ಓದೋಕೆ ಹಿಂಸೆ ಆಗುತ್ತೆ. ಆಗಬೇಕು ಕೂಡ. ಪೊಲೀಸರು ಕಣ್ಣು ಮುಚ್ಚಿಕೊಂಡ ಕೊಲೆಗಳನ್ನು ನಾಜೂಕಾಗಿ ಬರೆದರೆ ನಾವೂ ಕಣ್ಣು ಮುಚ್ಚಿಕೊಂಡ ಹಾಗೆ.

ಕಡಲತಡಿ:

ಶರಾವತಿ ಅಕ್ಕಾ, ಅರ್ಧ ಒಪ್ಪಿದೆ. ಆದರೆ ಈವರೆಗಿನ ಚರ್ಚೆಯಲ್ಲಿ ಹೊಲ, ಧಣಿ, ಪೊಲೀಸು ಬಂತು. ಮನೆ ಬರಲೇ ಇಲ್ಲ. ಚಿಕಾನಾ ಲೇಖಕಿಯರು ಗಂಡಸರ ಬರವಣಿಗೆಯಿಂದ ಬೇರೆಯಾಗಿದ್ದೇ ಅಲ್ಲಿ.

ಸಾಂಡ್ರಾ ಸಿಸ್ನೆರೋಸ್ ಅವರ 'ವುಮನ್ ಹಾಲರಿಂಗ್ ಕ್ರೀಕ್', 1991. ಕ್ಲಿಯೊಫಿಲಾಸ್ ಅನ್ನೋ ಮೆಕ್ಸಿಕನ್ ಹುಡುಗಿ ಮದುವೆಯಾಗಿ ಗಡಿ ದಾಟಿ ಟೆಕ್ಸಾಸ್‌ನ ಸೆಗಿನ್ ಊರಿಗೆ ಬರುತ್ತಾಳೆ. ತಲೆ ತುಂಬಾ ಟಿವಿ ಧಾರಾವಾಹಿಯ ಪ್ರೀತಿ. ಗಂಡ ಹೊಡೆಯುತ್ತಾನೆ. ಮೊದಲ ಏಟು ಬಿದ್ದಾಗ ಅವಳು ಕೂಗಲ್ಲ, ಅಳಲ್ಲ, ತಿರುಗಿ ಹೊಡೆಯಲ್ಲ. ಭಾಷೆ ಬರಲ್ಲ, ಗಾಡಿ ಇಲ್ಲ, ಅಪ್ಪನ ಮನೆ ಗಡಿಯಾಚೆ. ಅಕ್ಕಪಕ್ಕ ಇಬ್ಬರು ಹೆಂಗಸರು, ಒಬ್ಬಳ ಹೆಸರು ಒಂಟಿತನ, ಇನ್ನೊಬ್ಬಳ ಹೆಸರು ನೋವು. ನಿಜವಾಗಿಯೂ ಪಾತ್ರಗಳ ಹೆಸರೇ ಅದು, ಸೊಲೆದಾದ್ ಮತ್ತು ದೊಲೊರೆಸ್. ಹೊರಗಿನ ತಾರತಮ್ಯ ಮತ್ತು ಒಳಗಿನ ಏಟು ಎರಡೂ ಒಂದನ್ನೊಂದು ಹಿಡಿದುಕೊಂಡಿವೆ. ಅವಳು ವಲಸೆ ಬಂದವಳಾಗಿರದಿದ್ದರೆ ಗಂಡನಿಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.

ಅವಳನ್ನು ಪಾರು ಮಾಡುವವರು ಇಬ್ಬರು ಹೆಂಗಸರು. ಬಸುರಿ ತಪಾಸಣೆಗೆ ಹೋದಾಗ ಮೈಮೇಲಿನ ಕಲೆ ನೋಡಿ ಫೋನ್ ಮಾಡುವವಳು ಒಬ್ಬಳು, ಬಸ್ ಸ್ಟ್ಯಾಂಡಿಗೆ ಬಿಡುವವಳು ಇನ್ನೊಬ್ಬಳು. ಎರಡನೆಯವಳು ಫೆಲೀಸೆ. ಪಿಕಪ್ ಟ್ರಕ್ ಓಡಿಸುತ್ತಾಳೆ. ಇದು ನಿನ್ನ ಗಂಡಂದಾ ಅಂದರೆ ಗಂಡನೇ ಇಲ್ಲ, ಗಾಡಿ ನಂದೇ ಅನ್ನುತ್ತಾಳೆ. ಹಳ್ಳ ದಾಟುವಾಗ ಟಾರ್ಜನ್ ಥರ ಜೋರಾಗಿ ಕೂಗುತ್ತಾಳೆ. ನಾನು ಓದುತ್ತಾ ನಕ್ಕುಬಿಟ್ಟೆ. ಈ ಸಾಹಿತ್ಯದಲ್ಲಿ ನಗು ಇಲ್ಲ ಅಂತ ಯಾರೂ ಅಂದುಕೊಳ್ಳಬೇಡಿ.

ಜೋಳದರೊಟ್ಟಿ:

ನಗುವಿನ ಮಾತು ಬಂತು ಅಂತ ಹೇಳುತ್ತೇನೆ. 1928ರಲ್ಲಿ ಲಾಸ್ ಏಂಜಲೀಸ್‌ನ ಸ್ಪ್ಯಾನಿಷ್ ಪತ್ರಿಕೆಯಲ್ಲಿ ದಾನಿಯೆಲ್ ವೆನೆಗಾಸ್ ಒಂದು ಕಾದಂಬರಿ ಬರೆದ. ಅವನೂ ಕೂಲಿ ಮಾಡಿದವನೇ. ದೊನ್ ಚಿಪೊತೆ ಅನ್ನೋ ಪೆದ್ದ ರೈತ ಅಮೆರಿಕದಲ್ಲಿ ಚಿನ್ನ ಗುಡಿಸಬಹುದು ಅಂತ ಹೊರಡುತ್ತಾನೆ. ರೈಲು ಹಳಿ ಕೆಲಸದಲ್ಲಿ ಮೈ ಸವೆಸಿ, ಎಲ್ಲರಿಂದ ಮೋಸ ಹೋಗಿ, ಬರಿಗೈಲಿ ಊರಿಗೆ ವಾಪಸ್. ಮೆಕ್ಸಿಕನ್ನರು ಅಮೆರಿಕದಲ್ಲಿ ಸಾಹುಕಾರರಾಗುವುದು ಗಿಳಿ ತನ್ನ ಮರಿಗೆ ಮೊಲೆಯೂಡಿಸಿದ ದಿನ ಅಂತ ಕೊನೆಗೆ ತೀರ್ಮಾನ. ದಶಕಗಟ್ಟಲೆ ಈ ಪುಸ್ತಕ ಯಾರಿಗೂ ನೆನಪಿರಲಿಲ್ಲ. 1980ರ ದಶಕದಲ್ಲಿ ನಿಕೊಲಾಸ್ ಕಾನೆಲೋಸ್ ಅನ್ನೋ ವಿದ್ವಾಂಸರು ಹುಡುಕಿ ಮತ್ತೆ ಅಚ್ಚು ಹಾಕಿಸಿದರು.

ಬೈಟು_ಕಾಫಿ:

ನಾನು 'ಅಮೆರಿಕನ್ ಡರ್ಟ್' ಓದಿದ್ದೀನಿ. ಸೂಪರ್ ಪುಸ್ತಕ. ಮೊದಲ ಪುಟದಿಂದಲೇ ಗುಂಡಿನ ಸುರಿಮಳೆ. ಮನೆಯ 16 ಜನ ಸತ್ತು, ಅಮ್ಮ ಮಗ ಇಬ್ಬರೇ ತಪ್ಪಿಸಿಕೊಂಡು ರೈಲಿನ ಮೇಲೆ ಹತ್ತಿ ಅಮೆರಿಕಕ್ಕೆ ಓಡುತ್ತಾರೆ. ಒಂದೇ ಸಮ ಓದಿಸಿಕೊಂಡು ಹೋಗುತ್ತೆ. ನೀವೆಲ್ಲ ಹೇಳುವ ಪುಸ್ತಕಗಳಿಗಿಂತ ಜನರನ್ನು ಮುಟ್ಟಿದ್ದು ಅದೇ. ಯಾಕೆ ಯಾರೂ ಅದರ ಹೆಸರು ಎತ್ತಲ್ಲ?

ಶರಾವತಿ_ತೀರ:

ಎತ್ತದೇ ಇರೋಕೆ ಕಾರಣ ಇದೆ. 2020ರ ಜನವರಿಯಲ್ಲಿ ಆ ಪುಸ್ತಕ ಬಂದಾಗ ದೊಡ್ಡ ಗಲಾಟೆಯೇ ಆಯಿತು. ಲೇಖಕಿ ಮೆಕ್ಸಿಕನ್ ಮೂಲದವರಲ್ಲ, ಅವರಿಗೆ ಮುಂಗಡವಾಗಿ ಸಿಕ್ಕಿದ್ದು ಏಳಂಕಿ ಮೊತ್ತ. ಓಪ್ರಾ ವಿನ್‌ಫ್ರೀ ತಮ್ಮ ಓದುಗರ ಬಳಗಕ್ಕೆ ಆರಿಸಿದರು. ಬಿಡುಗಡೆಗೂ ಮೊದಲು ಪ್ರಕಾಶಕರ ಕಡೆಯ ಒಂದು ಔತಣಕೂಟದಲ್ಲಿ ಮೇಜಿನ ಮೇಲೆ ಅಲಂಕಾರಕ್ಕೆ ಮುಳ್ಳುತಂತಿ ಇಟ್ಟಿದ್ದರು. ಗಡಿಯ ಮುಳ್ಳುತಂತಿ, ಊಟದ ಮೇಜಿನ ಮೇಲೆ! ಚಿಕಾನಾ ಲೇಖಕಿ ಮಿರಿಯಂ ಗುರ್ಬಾ ಪುಸ್ತಕವನ್ನು ಹಿಡಿದು ಝಾಡಿಸಿದರು. ಪ್ರಕಾಶಕರು ಸುರಕ್ಷತೆಯ ಕಾರಣ ಹೇಳಿ ಲೇಖಕಿಯ ಪ್ರವಾಸ ರದ್ದು ಮಾಡಿದರು.

ಬೈಟು_ಕಾಫಿ:

ಅಂದರೆ ಆ ಜನಾಂಗದವರಲ್ಲದವರು ಬರೆಯಲೇಬಾರದಾ? ಹಾಗಾದರೆ ಕಾದಂಬರಿ ಅನ್ನೋದೇ ಇರಲ್ಲ. ಸುಮ್ನೆ ಆತ್ಮಕಥೆ ಬರೆದುಕೊಂಡು ಕೂರಬೇಕು. ಮೇಲೆ ನೀವೇ ರಕ್ತ ತೋರಿಸಬೇಕು ಅಂದಿರಿ, ಇಲ್ಲಿ ರಕ್ತ ತೋರಿಸಿದರೆ ಬೇಡ ಅನ್ನುತ್ತೀರಿ.

ನಿರ್ವಾಹಕ:

ಪುಸ್ತಕದ ಬಗ್ಗೆ ಜಗಳ ಆಡಿ, ಒಬ್ಬರ ಮೇಲೊಬ್ಬರು ಬೇಡ. ಎರಡು ಕಾಮೆಂಟ್ ತೆಗೆದಿದ್ದೇನೆ.

ಹಳೇ_ಪುಸ್ತಕದಂಗಡಿ:

ಬೈಟು ಅವರ ಪ್ರಶ್ನೆ ಸರಿಯಾಗಿದೆ. ಯಾರು ಬರೆಯಬಹುದು ಅನ್ನೋದರಲ್ಲಿ ನನಗೆ ಆಸಕ್ತಿ ಕಡಿಮೆ. ಹಿಂಸೆ ಎಲ್ಲಿಂದ ಬರುತ್ತೆ ಅಂತ ಪುಸ್ತಕ ತೋರಿಸುತ್ತೆ, ಅದನ್ನು ನೋಡಿ. 'ಅಮೆರಿಕನ್ ಡರ್ಟ್'ನಲ್ಲಿ ಎಲ್ಲ ಕೇಡಿನ ಬೇರು ಮೆಕ್ಸಿಕೋದ ಮಾದಕ ವಸ್ತು ಗ್ಯಾಂಗು. ಅಮೆರಿಕ ಅಂದರೆ ಓಡಿ ಹೋಗಿ ಸೇರಬೇಕಾದ ದಡ. ಅಮೆರಿಕದ ಓದುಗ ಕಣ್ಣೀರು ಹಾಕಿ, ತಾನು ಒಳ್ಳೆಯವನು ಅಂದುಕೊಂಡು ಪುಸ್ತಕ ಮುಚ್ಚಬಹುದು. ವಿರಾಮೊಂತೆಸ್, ರಿವೇರಾ ಆ ಅವಕಾಶ ಕೊಡಲ್ಲ. ಅವರ ಕಥೆಯಲ್ಲಿ ಕೇಡು ಇರುವುದು ದಡದ ಮೇಲೆ. ಓದುಗನ ತಟ್ಟೆಯಲ್ಲಿರುವ ಪೀಚ್ ಹಣ್ಣಿನಲ್ಲಿ ಇದೆ.

ಶರಾವತಿ ಮೇಡಂ ಹೇಳಿದ 'ಡೆಸರ್ಟ್ ಬ್ಲಡ್' ಕೂಡ ರಕ್ತ ತೋರಿಸುತ್ತೆ. ಆದರೆ ಅಲ್ಲಿ ತನಿಖೆ ಗಡಿಯ ಎರಡೂ ಕಡೆಗೆ ಹೋಗುತ್ತೆ. ವ್ಯತ್ಯಾಸ ರಕ್ತದ ಪ್ರಮಾಣದಲ್ಲಿಲ್ಲ.

ಇನ್ನೊಂದು ವಿಷಯ. ಒಳ್ಳೆ ಲೇಖಕರ ಕಣ್ಣಿಗೂ ಮೆಕ್ಸಿಕನ್ ಮೂಲದ ಕೂಲಿಗಳು ಕಾಣದೇ ಹೋಗಬಹುದು. ಕ್ಯಾಲಿಫೋರ್ನಿಯಾದ ಕೂಲಿಗಳ ಬಗ್ಗೆ ಎಲ್ಲರೂ ಹೆಸರಿಸುವ ಕಾದಂಬರಿ ಜಾನ್ ಸ್ಟೈನ್‌ಬೆಕ್ ಅವರ 'ದಿ ಗ್ರೇಪ್ಸ್ ಆಫ್ ರಾತ್', 1939ರದ್ದು. ಅದರಲ್ಲಿ ಕಷ್ಟಪಡುವ ಸಂಸಾರ ಒಕ್ಲಹೋಮಾದ ಬಿಳಿಯರದ್ದು. ಅದಕ್ಕೂ ಆರು ವರ್ಷ ಹಿಂದೆ, 1933ರಲ್ಲಿ, ಅದೇ ಸ್ಯಾನ್ ವಾಕೀನ್ ಕಣಿವೆಯಲ್ಲಿ ಸುಮಾರು 18,000 ಹತ್ತಿ ಬಿಡಿಸುವವರು ಮುಷ್ಕರ ಮಾಡಿದ್ದರು. ಬಹುಪಾಲು ಮೆಕ್ಸಿಕನ್ನರು. ಗುಂಡೇಟಿಗೆ ಮುಷ್ಕರದವರು ಸತ್ತರು ಕೂಡ. ಅವರ ಮನೆಯ ಕಥೆ ಆ ದೊಡ್ಡ ಕಾದಂಬರಿಗೆ ಬರಲಿಲ್ಲ.

ಫ್ರೆಸ್ನೋ_ಕನ್ನಡಿಗ:

ಕಾಣದೇ ಹೋಗೋದು ಅಂದಿರಲ್ಲ. 1948ರ ಜನವರಿ 28ಕ್ಕೆ ಇಲ್ಲೇ ಹತ್ತಿರದ ಲಾಸ್ ಗಾಟೊಸ್ ಕಣಿವೆಯಲ್ಲಿ ವಿಮಾನ ಬಿತ್ತು. 32 ಸಾವು. ಅದರಲ್ಲಿ 28 ಮಂದಿ ಮೆಕ್ಸಿಕನ್ ಕೂಲಿಗಳು, ಅವರನ್ನು ವಾಪಸ್ ಕಳಿಸುತ್ತಿದ್ದರು. ಪತ್ರಿಕೆಗಳಲ್ಲಿ ವಿಮಾನ ಸಿಬ್ಬಂದಿ ಮತ್ತು ಕಾವಲಿನವನ ಹೆಸರು ಬಂತು. ಉಳಿದವರಿಗೆ 'ಗಡಿಪಾರಾದವರು' ಅಂತ ಒಂದೇ ಹೆಸರು. ಫ್ರೆಸ್ನೋದ ಸ್ಮಶಾನದಲ್ಲಿ ಒಂದೇ ಗುಂಡಿಯಲ್ಲಿ ಹೂಳಿದರು. ಕಲ್ಲಿನ ಮೇಲೆ 28 ಹೆಸರು ಕೆತ್ತಿಸಿದ್ದು 2013ರಲ್ಲಿ.

ಸಿಸ್ನೆರೋಸ್ ಅವರ 'ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್' ಓದಿದವರಿಗೆ ಹೆರಾಲ್ದೊ ನೆನಪಾಗಬೇಕು. 1984ರ ಪುಸ್ತಕ, ಒಂದೂವರೆ ಪುಟದ ಅಧ್ಯಾಯ. ಡಾನ್ಸ್‌ನಲ್ಲಿ ಸಿಕ್ಕ ಹುಡುಗ, ಗಾಡಿ ಗುದ್ದಿ ಓಡಿಹೋಗುತ್ತೆ, ಆಸ್ಪತ್ರೆಯಲ್ಲಿ ಒಬ್ಬ ಕಲಿಯುವ ಡಾಕ್ಟರ್ ಬಿಟ್ಟರೆ ಯಾರೂ ಬರಲ್ಲ. ಜೇಬಿನಲ್ಲಿ ಏನಿಲ್ಲ. ಮನೆತನದ ಹೆಸರು ಗೊತ್ತಿಲ್ಲ. ದೂರದ ಊರಲ್ಲಿರುವ ಮನೆಯವರಿಗೆ ಅವನು ಏನಾದ ಅಂತ ಎಂದೂ ತಿಳಿಯಲ್ಲ.

ಕಡಲತಡಿ:

ಆ ಪುಸ್ತಕ ಓದಿಸುತ್ತಿದ್ದ ತರಗತಿಗಳಿಗೂ ಒಂದು ಗತಿ ಬಂತು. ಅರಿಜೋನಾ ರಾಜ್ಯ 2010ರಲ್ಲಿ ಕಾನೂನು ತಂದು, ಟ್ಯೂಸಾನ್ ಶಾಲೆಗಳ ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ತರಗತಿಗಳನ್ನು 2012ರ ಜನವರಿಯಲ್ಲಿ ನಿಲ್ಲಿಸುವಂತೆ ಮಾಡಿತು. ಆ ತರಗತಿಗಳಲ್ಲಿ ಓದಿಸುತ್ತಿದ್ದ ಕೆಲವು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಗೋಡೌನಿಗೆ ಹಾಕಿದರು. ಹ್ಯೂಸ್ಟನ್‌ನಿಂದ ಲೇಖಕರು ಬಸ್ಸಿನಲ್ಲಿ ಪುಸ್ತಕ ತುಂಬಿಕೊಂಡು ಹೊರಟರು. ಪುಸ್ತಕ ಕಳ್ಳಸಾಗಣೆದಾರರು ಅಂತ ತಮಗೆ ತಾವೇ ಹೆಸರಿಟ್ಟುಕೊಂಡಿದ್ದರು, ಲೀಬ್ರೊತ್ರಾಫಿಕಾಂತೆ. 2017ರಲ್ಲಿ ಫೆಡರಲ್ ನ್ಯಾಯಾಧೀಶರು ಆ ನಿಷೇಧದ ಹಿಂದೆ ಜನಾಂಗೀಯ ದ್ವೇಷ ಇತ್ತು ಅಂತ ತೀರ್ಪು ಕೊಟ್ಟರು.

ಶಾಲೆಯ ಮಾತು ಬಂದಾಗ ರಿವೇರಾ ಅವರ ಇನ್ನೊಂದು ಕಥೆ ಹೇಳಲೇಬೇಕು. ಉತ್ತರದ ಶಾಲೆಯಲ್ಲಿ ಹೊಡೆದಾಟ ಆಗಿ ಹುಡುಗನನ್ನು ಓಡಿಸುತ್ತಾರೆ. ಪ್ರಿನ್ಸಿಪಾಲ್ ಫೋನಿನಲ್ಲಿ ಮಾತಾಡುವುದು ಅವನ ಕಿವಿಗೆ ಬೀಳುತ್ತೆ. ಮೆಕ್ಸಿಕನ್ ಹುಡುಗ ತಾನೇ, ತೆಗೆದು ಹಾಕಿದರೂ ಮನೆಯವರಿಗೆ ಏನೂ ಅನಿಸಲ್ಲ, ಹೊಲದ ಕೆಲಸಕ್ಕೆ ಬೇಕಾಗಿರುತ್ತಾನೆ ಅಂತ. ಇತ್ತ ಅಪ್ಪ ಮಗನನ್ನು ಟೆಲಿಫೋನ್ ಆಪರೇಟರ್ ಮಾಡೋ ಕನಸು ಕಾಣುತ್ತಿದ್ದಾನೆ. ಮನೆಗೆ ಹೋಗಿ ಹೇಗೆ ಹೇಳೋದು ಅಂತ ಹುಡುಗ ದಾರಿಯುದ್ದಕ್ಕೂ ಒದ್ದಾಡುತ್ತಾನೆ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಕ್ರೂರವಾದ ಸಾಲು ಆ ಫೋನ್ ಮಾತು. ಅದರಲ್ಲಿ ಕೋಪವೇ ಇಲ್ಲ.

ಜೋಳದರೊಟ್ಟಿ:

ಗುಂಡಿನ ಸದ್ದು ಇರೋ ಕಥೆ ಬೇಕು ಅಂದವರಿಗೆ ವಿರಾಮೊಂತೆಸ್ ಅವರದ್ದೇ ಒಂದಿದೆ, 'ದಿ ಕ್ಯಾರಿಬೂ ಕೆಫೆ'. 1985ರ ಸಂಕಲನದ ಕಥೆ. ಮನೆ ಬೀಗದ ಕೀ ಕಳೆದುಕೊಂಡ ಇಬ್ಬರು ಪುಟ್ಟ ಮಕ್ಕಳು. ಪೊಲೀಸ್ ಕಂಡರೆ ಓಡಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದಾನೆ, ಹಿಡಿದು ಗಡಿಯಾಚೆ ಕಳಿಸಿಬಿಡುತ್ತಾರೆ ಅಂತ. ಮಧ್ಯ ಅಮೆರಿಕದಿಂದ ತಪ್ಪಿಸಿಕೊಂಡು ಬಂದ ಒಬ್ಬ ಹೆಂಗಸು. ಅವಳ ಐದು ವರ್ಷದ ಮಗನನ್ನು ಅಲ್ಲಿ ಸೈನಿಕರು ಎತ್ತಿಕೊಂಡು ಹೋಗಿದ್ದಾರೆ. ಈ ಮಕ್ಕಳಲ್ಲಿ ಚಿಕ್ಕವನನ್ನು ತನ್ನ ಮಗನೇ ಅಂತ ತಬ್ಬಿಕೊಳ್ಳುತ್ತಾಳೆ. ಕೆಫೆಯವನು ಪೊಲೀಸರಿಗೆ ಹೇಳುತ್ತಾನೆ. ಅವಳು ಮಗುವಿನ ಕೈ ಬಿಡಲ್ಲ. ಗುಂಡು ಬೀಳುತ್ತೆ.

ಕಥೆ ಮೂರು ಜನರ ಬಾಯಿಂದ ಬರುತ್ತೆ. ಯಾರು ಮಾತಾಡ್ತಿದ್ದಾರೆ ಅಂತ ಎಷ್ಟೋ ಕಡೆ ಗೊತ್ತೇ ಆಗಲ್ಲ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಕೆಫೆಯವನನ್ನೂ ಪೂರ್ತಿ ದ್ವೇಷಿಸೋಕೆ ಬಿಡಲ್ಲ. ಅವನ ಮಗನೂ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಸಿಗದೇ ಹೋದವನು.

ಮಳೆಗಾಲದ_ಓದು:

ಎಲ್ಲರಿಗೂ ಥ್ಯಾಂಕ್ಸ್. ಒಂದು ಪುಸ್ತಕ ಹಿಡಿದು ಬಂದೆ, ಎಂಟು ಪುಸ್ತಕ ತಲೆಮೇಲೆ ಬಿತ್ತು. ಶರಾವತಿ ಮೇಡಂ, ನೀವು ಹೇಳಿದ ರೇಂಜರ್‌ಗಳ ಕೊಲೆಗಳ ಬಗ್ಗೆ ಕಾದಂಬರಿ ಇದೆಯಾ?

ಶರಾವತಿ_ತೀರ:

ಇದೆ. ಅಮೆರಿಕೊ ಪರೇದೆಸ್ ಅವರ 'ಜಾರ್ಜ್ ವಾಷಿಂಗ್ಟನ್ ಗೋಮೆಸ್'. 1930ರ ದಶಕದಲ್ಲಿ ಬರೆದದ್ದು, ಅಚ್ಚಾಗಿದ್ದು 1990ರಲ್ಲಿ. 1915ರ ಹೊತ್ತಿನ ದಕ್ಷಿಣ ಟೆಕ್ಸಾಸ್. ಮಗು ದೊಡ್ಡವನಾಗಿ ತನ್ನ ಜನರಿಗೆ ನಾಯಕನಾಗಲಿ ಅಂತ ಆ ದೊಡ್ಡ ಹೆಸರು. ಯಾರ ತಂಟೆಗೂ ಹೋಗದ ಅಪ್ಪನನ್ನು ರೇಂಜರ್‌ಗಳು ಕೊಲ್ಲುತ್ತಾರೆ. ಸಾಯುವಾಗ ಅವನು, ಮಗನಿಗೆ ಇದನ್ನು ಹೇಳಬೇಡ, ಅವನು ದ್ವೇಷ ಇಟ್ಟುಕೊಂಡು ಬೆಳೆಯಬಾರದು ಅಂತ ಸೋದರಮಾವನಿಂದ ಮಾತು ತೆಗೆದುಕೊಳ್ಳುತ್ತಾನೆ. ಮಾವ ಬಾಯಿ ಬಿಡದೆ ಮಗುವನ್ನು ಬೆಳೆಸುತ್ತಾನೆ. ಹುಡುಗ ಓದಿ, ಬಿಳಿ ಹುಡುಗಿಯನ್ನು ಮದುವೆಯಾಗಿ, ಅಮೆರಿಕದ ಸೇನೆಯ ಗುಪ್ತಚರನಾಗಿ ಊರಿಗೆ ಬರುತ್ತಾನೆ. ತನ್ನ ಜನರ ಮೇಲೇ ಕಣ್ಣಿಡೋಕೆ. ಈಗ ಅವನು ಜಾರ್ಜ್ ಜಿ. ಗೋಮೆಸ್.

ಬೈಟು_ಕಾಫಿ:

ಅಯ್ಯೋ. ಅಷ್ಟೆಲ್ಲ ಮಾಡಿದ ಮಾವನಿಗೆ ದ್ರೋಹ ಬಗೆದ ಹಾಗಾಯ್ತಲ್ಲ.

ಶರಾವತಿ_ತೀರ:

ದ್ರೋಹಿ ಅಂತ ಒಂದೇ ಮಾತಲ್ಲಿ ಮುಗಿಸೋಕೆ ಪರೇದೆಸ್ ಬಿಡಲ್ಲ. ಅವನಿಗೆ ಪದೇ ಪದೇ ಒಂದು ಕನಸು ಬೀಳುತ್ತೆ. ಅದರಲ್ಲಿ ಅವನು ಮೆಕ್ಸಿಕೋ ಪರವಾಗಿ ಹೋರಾಡಿ ಟೆಕ್ಸಾಸ್ ಉಳಿಸಿಕೊಳ್ಳುತ್ತಾನೆ. ಹುಡುಗನಾಗಿದ್ದಾಗ ಕಟ್ಟಿಕೊಂಡ ಹಗಲುಗನಸು ಅದು. ಎದ್ದಾಗ ತನ್ನ ಮೇಲೇ ರೇಗಿಕೊಳ್ಳುತ್ತಾನೆ. ಆ ಕೊನೆಯ ಭಾಗಕ್ಕೆ ಪರೇದೆಸ್ ಇಟ್ಟ ತಲೆಬರಹ 'ತನ್ನ ಜನರ ನಾಯಕ'.

ಬೈಟು_ಕಾಫಿ:

ಹಾಗಾದರೆ ನಾನು ಅದರಿಂದಲೇ ಶುರು ಮಾಡುತ್ತೇನೆ. ಆದರೆ 'ಅಮೆರಿಕನ್ ಡರ್ಟ್' ಚೆನ್ನಾಗಿಲ್ಲ ಅಂತ ಮಾತ್ರ ಒಪ್ಪಲ್ಲ.